ಕುಡಿಮೀಸೆ

ಆಳಂದ ರಸ್ತೆಯ ಪ್ರಯೋಗಾಲಯದಲ್ಲಿ ರಾತ್ರಿ ಪಾಳಿ ನನ್ನದು.
ಕೆಂಪು ಬಲ್ಬಿನ ಕೆಳಗೆ ಕೂತಿರುತ್ತೇನೆ,
ಪತಂಗಕ್ಕೆ ಕೆಂಪೆಂದರೆ ಕತ್ತಲೆಯೇ.
ಕಡಲೆಹಿಟ್ಟು ತಿಂದು ಬೆಳೆದ ಕಾಯಿಕೊರಕಗಳು
ಜೇನುನೀರಿನ ಹತ್ತಿಗೆ ಮೂತಿ ಇಟ್ಟಿವೆ,
ಹೊರಗೆ ತೊಗರಿ ಹೂವಾದ ಸುದ್ದಿ ಅವಕ್ಕಿಲ್ಲ.

ಐಸಿನ ಮೇಲೆ ಒಂದು ಗಂಡನ್ನು ಮಲಗಿಸಿ
ಬುಡದಲ್ಲಿ ಕತ್ತರಿಸುತ್ತೇನೆ ಕುಡಿಮೀಸೆ.
ಎರಡು ತಂತಿಗಳ ನಡುವೆ ಹೂಡಿ,
ಹೆಣ್ಣಿನ ವಾಸನೆ ಅದ್ದಿದ ಕಾಗದದಿಂದ
ಒಂದು ಉಸಿರು ಊದಿದರೆ
ಪರದೆಯ ಗೆರೆ ತಟ್ಟನೆ ಕುಸಿದು ಏಳುತ್ತದೆ.
ಹುಳ ಅತ್ತ, ಮೀಸೆ ಇತ್ತ.
ಇನ್ನೂ ಅರ್ಧ ತಾಸು
ಮೀಸೆಗೆ ಯಾರೂ ಹೇಳಿಲ್ಲ.

ಆಮೇಲೆ ಅರೆಯುತ್ತೇನೆ:
ಒಂದು ಕೊಳವೆಯಲ್ಲಿ ನೂರು ಜೊತೆ ಮೀಸೆ,
ಇನ್ನೊಂದರಲ್ಲಿ ನೂರು ಜೊತೆ ಕಾಲು.
ಎರಡರಲ್ಲೂ ಒಂದೇ ಬರಹ, ಅಕ್ಷರಕ್ಕೆ ಅಕ್ಷರ.
ವಾಸನೆ ಹಿಡಿಯುವ ಜೀನು ಕಾಲಿನಲ್ಲೂ ಇದೆ,
ಟ್ರಂಕಿನ ತಳದಲ್ಲಿ ಅಮ್ಮಿಯ ನಿಕಾಹದ ದುಪಟ್ಟಾ ಇದ್ದ ಹಾಗೆ.
ಕಾಲು ಅದನ್ನು ತೆಗೆದು ನೋಡಿದ್ದೇ ಇಲ್ಲ.
'ಇರೋದು ಎಲ್ಲಾ ಕಡಿ ಇರ್ತದವಾ ತಸ್ನೀಮ,
ಓದೋರು ಬೇಕಲ್ಲ' ಅನ್ನುತ್ತಾರೆ ಹುಲಸೂರ ಮೇಡಂ.

ಕೂಡಿದ ಮೇಲೆ ಹೆಣ್ಣಿನ ಮೀಸೆ
ಹೂವಿನ ಪುಟ ಮಡಚಿ ಎಲೆಯ ಪುಟ ತೆಗೆಯುತ್ತದೆ,
ಮೊಟ್ಟೆಗೊಂದು ಜಾಗ ಬೇಕಲ್ಲ.
ನಮ್ಮ ಅಪ್ಪಿಯೂ ಬಸುರಿಯಲ್ಲಿ
ಬಗಾರದ ವಾಸನೆಗೆ ಬೀದಿಗೆ ಓಡುತ್ತಿದ್ದಳು,
ಹಸಿ ಗೋಡೆ ಸಿಕ್ಕರೆ ಮೂಗು ಒತ್ತಿ ನಿಲ್ಲುತ್ತಿದ್ದಳು.

ರೋಜಾದ ಗಲ್ಲಿಯಲ್ಲಿ ಅಬ್ಬಾನ ಅತ್ತರಿನ ಅಂಗಡಿ.
ಆ ವರ್ಷದ ಜ್ವರದಲ್ಲಿ ಮೂಗು ಹೋಯಿತು,
ಅಂಗಡಿ ಉಳಿಯಿತು.
ಈಗ ಗಿರಾಕಿಯ ಮಣಿಕಟ್ಟಿಗೆ ಒಂದು ಗೆರೆ ಎಳೆದು
ಅವರ ಮುಖ ನೋಡುತ್ತಾರೆ:
ಹುಬ್ಬು ಏರಿದರೆ ಖಸ್,
ಕಣ್ಣು ತಾನಾಗಿ ಮುಚ್ಚಿದರೆ ಮೊಗ್ರಾ.
ಮಾತಾಡುತ್ತಿದ್ದವರು ಸುಮ್ಮನಾದರೆ
ಮಿಟ್ಟಿ, ಮೊದಲ ಮಳೆಯದು,
ಯಾರೋ ನೆನಪಾಗಿದ್ದಾರೆ.
ಸೇಡಂ, ಜೇವರ್ಗಿ, ಎಲ್ಲಿಂದಲೋ ಬರುತ್ತಾರೆ.
ಗೌಸುದ್ದೀನ್ ಅತ್ತಾರರಿಗೆ ವಾಸನೆ ಇಲ್ಲವೆಂದು
ಅವರಿಗೂ ಯಾರೂ ಹೇಳಿಲ್ಲ.

ಜೀನು ಹೋಗಿಲ್ಲ ಅಬ್ಬಾ, ಇದ್ದಲ್ಲೇ ಅದ,
ಓದೋದು ನಿಂತದ ಅಷ್ಟೇ, ಎನ್ನಬೇಕೆಂದುಕೊಂಡೆ.
ಮನೆಯ ಮಾತಿನಲ್ಲಿ ಅದಕ್ಕೆ ಪದ ಸಿಗಲಿಲ್ಲ.
ಸಿಕ್ಕಿ, ಮತ್ತೆ ಯಾವಾಗ ಓದ್ತದ ಎಂದು ಕೇಳಿದರೆ?

ನಿನ್ನೆ ಫಜರಿಗೆ ಮುಂಚೆ ಮನೆಗೆ ಬಂದೆ.
ನಲ್ಲಿಯ ಬಳಿ, ತಣ್ಣನೆ ಶಹಾಬಾದಿ ಫರಸಿಯ ಮೇಲೆ
ಅಬ್ಬಾ ವಜೂ ಮಾಡುತ್ತಿದ್ದರು.
ರಿಂಗ್ ರೋಡಿನಾಚೆಯ ಹೊಲದಿಂದಲೋ ಏನೋ
ಮಣ್ಣುಬಣ್ಣದ ಒಂದು ಗಂಡು ಪತಂಗ
ಅಂಗಳದ ಗಾಳಿಯಲ್ಲಿ ಅಡ್ಡಾದಿಡ್ಡಿ ಹೊಲಿಗೆ ಹಾಕುತ್ತ ಬಂದು
ನನ್ನ ಎಡ ತೋಳಿಗೆ ಕೂತಿತು.
ಕೊಡವಿದೆ. ಮತ್ತೆ ಬಂತು.
ಅಂಗಳದ ದೀಪ ಬಿಟ್ಟು ತೋಳನ್ನೇ ಹುಡುಕಿತು.

'ಏನ್ ಹಚ್ಚಿಕೊಂಡೀ ಬೇಟಿ?'
ಏನಿಲ್ಲ. ಹುಳದ ಅತ್ತರು, ಹೆಣ್ಣು ಹುಳದ್ದು. ಸಿಡಿದಿರಬೇಕು.
'ಹ್ಯಾಂಗದ ವಾಸನಿ?'
ನನಗೂ ಬರಂಗಿಲ್ಲ ಅಬ್ಬಾ.
ಯಾರಿಗೂ ಬರಂಗಿಲ್ಲ, ಇವನೊಬ್ಬನ ಬಿಟ್ಟು.

'ನಿನಗೂ?'
ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.
ಒದ್ದೆ ಕೈಯಲ್ಲೇ ನನ್ನ ತೋಳು ಹಿಡಿದು
ಹತ್ತಿರ ತಂದುಕೊಂಡರು, ಮೂರು ವರ್ಷದ ಮೇಲೆ
ಒಂದು ಬಟ್ಟೆಯನ್ನು ಮೂಗಿನವರೆಗೆ.
ಪತಂಗ ಅಲುಗಲಿಲ್ಲ, ಅದರ ಮೀಸೆ ಮಾತ್ರ ಅಲುಗುತ್ತಿತ್ತು.
ಅಂಗಡಿಯಲ್ಲಿ ಗಿರಾಕಿಯನ್ನು ನೋಡುವ ಹಾಗೆಯೇ
ಅದರ ಮುಖವನ್ನು ನೋಡುತ್ತ ನಿಂತರು
ನಮ್ಮ ಅಬ್ಬಾ, ಬಾಂಗ್ ಮುಗಿಯುವವರೆಗೂ.